ಹಳೆಯ ಸಮಾಧಿಗಳ ಫೋಟೊ ತೆಗೆಯುವುದು ಹೇಗೆ: ಜಾಗ ಹುಡುಕುವುದರಿಂದ ಕಲ್ಲು ಓದುವವರೆಗೆ

ಸ್ಮಶಾನದ ಫೋಟೊ ಅಂದರೆ ಮಂಜು, ಓರೆಯಾದ ಶಿಲುಬೆ, ಅದರ ಮೇಲೊಂದು ಕಾಗೆ ಎಂದುಕೊಂಡವರೇ ಹೆಚ್ಚು. ಅಂಥ ಚಿತ್ರಕ್ಕೆ ಲೈಕು ಬೀಳುತ್ತವೆ, ನಿಜ. ಆದರೆ ಹತ್ತು ವರ್ಷ ಬಿಟ್ಟು ಯಾರಾದರೂ ಬಂದು ‘ಆ ಕಲ್ಲಿನ ಮೇಲೆ ಯಾರ ಹೆಸರಿತ್ತು?’ ಎಂದು ಕೇಳಿದರೆ ಆ ಚಿತ್ರದಿಂದ ಏನೂ ಗಿಟ್ಟುವುದಿಲ್ಲ. ಈ ಹವ್ಯಾಸಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಚಿತ್ರದಲ್ಲಿ ಅಕ್ಷರ ಓದಲು ಬರಬೇಕು. ಚೆಂದ ಆಮೇಲೆ. ಗಾರೆ ಉದುರುತ್ತದೆ, ಅಮೃತಶಿಲೆ ಸವೆಯುತ್ತದೆ, ರಸ್ತೆ ಅಗಲವಾಗುವಾಗ ವೀರಗಲ್ಲು ಚರಂಡಿಯ ಚಪ್ಪಡಿಯಾಗುತ್ತದೆ. ಎಷ್ಟೋ ಕಲ್ಲುಗಳ ವಿಷಯದಲ್ಲಿ ಕೊನೆಗೆ ಉಳಿಯುವ ಪ್ರತಿ ನಿಮ್ಮ ಫೋನಿನಲ್ಲಿರುವುದೇ ಆಗಬಹುದು.

ಈ ಮಾರ್ಗದರ್ಶಿಯನ್ನು ಬರೆದಿರುವುದು ಕರ್ನಾಟಕದಲ್ಲಿ ಸುತ್ತಾಡುವವರಿಗಾಗಿ. ದುಬಾರಿ ಕ್ಯಾಮೆರಾ ಬೇಕಿಲ್ಲ. ತಾಳ್ಮೆ ಬೇಕು, ದಿಕ್ಕಿನ ಜ್ಞಾನ ಬೇಕು, ಜೊತೆಗೊಂದು ಕೊಡೆ ಬೇಕು.

ಎಲ್ಲಿಂದ ಶುರು ಮಾಡುವುದು

ಮೊದಲ ಸಲ ಹೊರಡುವವರಿಗೆ ನಾನು ಹೇಳುವ ಜಾಗ ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿ. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಿಂದ ಕೂಗಳತೆಯಲ್ಲಿ, ಕಾವೇರಿಯ ದಂಡೆಯಲ್ಲಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಇಲ್ಲಿ ಬೀಡುಬಿಟ್ಟ ಬ್ರಿಟಿಷರ ಪಡೆಯ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಸೇರಿ ಸುಮಾರು ಮುನ್ನೂರು ಸಮಾಧಿಗಳಿವೆ. ಹೆಚ್ಚಿನವು ಹತ್ತೊಂಬತ್ತನೇ ಶತಮಾನದ ಮೊದಲರ್ಧದವು. ಅವುಗಳಲ್ಲಿ ಹಲವು ಡಿ ಮ್ಯೂರಾನ್ ಪಡೆಯವರದು. ಇದು ಸ್ವಿಟ್ಜರ್ಲೆಂಡಿನ ಕೂಲಿ ಸೈನಿಕರ ಪಡೆ. 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ್ದು, 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆಗೆ ಬಂತು, ನಾಲ್ಕು ವರ್ಷದ ನಂತರ ನಮ್ಮ ಕಾವೇರಿ ದಡದಲ್ಲಿ ಕಾದಾಡಿತು. ಆಲ್ಪ್ಸ್ ಪರ್ವತದ ಕೆಳಗೆ ಹುಟ್ಟಿದವರ ಹೆಸರು ಮಂಡ್ಯ ಜಿಲ್ಲೆಯ ಕಲ್ಲಿನಲ್ಲಿ ಸಿಗುವುದು ಹೀಗೆ. ಆ ಪಡೆ ಕಟ್ಟಿದ ಡಿ ಮ್ಯೂರಾನ್ ಮನೆತನದ ವಂಶಸ್ಥರ ನೆರವಿನಿಂದಲೇ ಈ ಜಾಗದ ದುರಸ್ತಿಯೂ ನಡೆದಿದೆ.

ಶುರುವಿಗೆ ಇದನ್ನೇ ಹೇಳಲು ಕಾರಣಗಳಿವೆ. ಜಾಗ ಚಿಕ್ಕದು, ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಮೊನಚು ಕಂಬ, ಮೇಜಿನಾಕಾರದ ಸಮಾಧಿ, ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ ಪುಟ್ಟ ದಿಬ್ಬ, ಹೀಗೆ ಎಲ್ಲ ಬಗೆಯೂ ಒಂದೇ ಕಡೆ ಇವೆ. ಈಗ ಯಾರನ್ನೂ ಹೂಳುವುದಿಲ್ಲವಾದ್ದರಿಂದ ದುಃಖದಲ್ಲಿರುವವರ ಎದುರು ಕ್ಯಾಮೆರಾ ಹಿಡಿದು ನಿಲ್ಲುವ ಮುಜುಗರವಿಲ್ಲ. ಅಲ್ಲಿಂದ ಗುಂಬಜ್‌ಗೂ ಹೋಗಿಬನ್ನಿ. ಹೈದರಾಲಿ, ಟಿಪ್ಪುವಿನ ತಾಯಿ ಫಕ್ರುನ್ನೀಸಾ, ಟಿಪ್ಪು ಮೂವರೂ ಅಲ್ಲೇ ಇದ್ದಾರೆ. ಅದರ ಹತ್ತಿರವೇ ಹೈದರಾಲಿಯ ಸೆರೆಯಲ್ಲಿ 1782ರಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಯ ಸ್ಮಾರಕವಿದೆ. ಗೆದ್ದವರದೂ ಸೋತವರದೂ ಒಂದೇ ದಿನದಲ್ಲಿ ನೋಡಲು ಸಿಗುತ್ತವೆ.

ಕೈ ಪಳಗಿದ ಮೇಲೆ ಹೋಗಬೇಕಾದ ಜಾಗಗಳು ಬೇಕಾದಷ್ಟಿವೆ. ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳಿವೆ. ಹೊರಗಿನಿಂದ ಮಸೀದಿಯಂತೆ ಕಾಣುವ ಗುಮ್ಮಟ, ಒಳಗೆ ಶಿವಲಿಂಗ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಸಾಲು ಗುಮ್ಮಟಗಳಿವೆ. ಅಹ್ಮದ್ ಶಾ ವಲಿಯ ಗುಮ್ಮಟದೊಳಗಿನ ಬಣ್ಣದ ಚಿತ್ತಾರವನ್ನು ನೋಡುತ್ತ ಕತ್ತು ನೋಯಿಸಿಕೊಳ್ಳದವರಿಲ್ಲ. ಕಲಬುರಗಿಯ ಹಫ್ತ್ ಗುಂಬಜ್, ವಿಜಯಪುರದ ಇಬ್ರಾಹಿಂ ರೋಜಾ, ಮೂಡುಬಿದಿರೆಯ ಜೈನ ಮುನಿಗಳ ಮುರಕಲ್ಲಿನ ಸಮಾಧಿಗಳು ಒಂದೊಂದೂ ಒಂದೊಂದು ದಿನವನ್ನು ಬೇಡುತ್ತವೆ. ಕಾಲು ಗಟ್ಟಿಯಿದ್ದವರು ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟ ಹತ್ತಬೇಕು. ಅಲ್ಲಿ ಕಬ್ಬಿಣಯುಗದ ಸುಮಾರು ನಾನೂರು ಶಿಲಾಸಮಾಧಿಗಳಿವೆ. ಚಪ್ಪಡಿಕಲ್ಲು ನಿಲ್ಲಿಸಿ ಕಟ್ಟಿದ ಮನೆಯಂಥ ಗೋರಿ, ಮುಂದಿನ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದೆ. ಓದಲು ಅಲ್ಲಿ ಒಂದಕ್ಷರವೂ ಇಲ್ಲ, ಆದ್ದರಿಂದ ಮೊದಲ ಸಲಕ್ಕೆ ಬೇಡ.

ಲಂಡನ್ನಿನಲ್ಲಿರುವ ಕನ್ನಡಿಗರು ಬ್ರಾಂಪ್ಟನ್ ಸ್ಮಶಾನಕ್ಕೆ ಹೋಗಬಹುದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1864ರಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದಳು. ಮಡಿಕೇರಿಯಲ್ಲಿ ಅಜ್ಜ ಲಿಂಗರಾಜೇಂದ್ರನ ಗದ್ದುಗೆ, ಲಂಡನ್ನಿನಲ್ಲಿ ಮೊಮ್ಮಗಳ ಸಮಾಧಿ.

ಅನುಮತಿ, ಮಾತು, ನಡೆ

ಸಂರಕ್ಷಿತ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ, ಫೋನುಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಟ್ರೈಪಾಡ್, ದೀಪದ ಸಲಕರಣೆ, ಡ್ರೋನ್ ಬೇಕೆಂದರೆ ಪುರಾತತ್ವ ಇಲಾಖೆಯಿಂದ ಮೊದಲೇ ಅನುಮತಿ ಪಡೆಯಬೇಕು. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸ್ಮಶಾನಕ್ಕೆ ಅತಿಕ್ರಮಿಸಿ ಯಾರ ಭಾವನೆಗಾದರೂ ನೋವು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್ ಪ್ರಕಾರ ಬೇರೆಯದೇ ಅಪರಾಧ.

ಕಾನೂನಿಗಿಂತ ದಿನನಿತ್ಯ ಕೆಲಸಕ್ಕೆ ಬರುವುದು ಬಾಯಿಮಾತು. ಚರ್ಚಿನ ಸ್ಮಶಾನವಾದರೆ ಚರ್ಚಿನ ಕಚೇರಿ, ಖಬರಸ್ತಾನವಾದರೆ ಮಸೀದಿ ಕಮಿಟಿ, ದರ್ಗಾ ಆದರೆ ಮುಜಾವರರು, ಗದ್ದುಗೆಯಾದರೆ ಮಠದವರು. ಇವರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ. ಗೇಟಿನಲ್ಲಿ ಕೂತ ಕಾವಲುಗಾರ ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ:

“ನಿಮ್ಮೋರು ಯಾರಾದ್ರೂ ಇದಾರಾ ಇಲ್ಲಿ?”

“ಇಲ್ಲ ಅಣ್ಣ, ಹಳೇ ಕಲ್ಲು ನೋಡಿ ಬರ್ಕೊಳೋಣ ಅಂತ ಬಂದೆ. ಫೋಟೊ ತೆಗೀಬಹುದಾ? ಹೊಸ ಸಮಾಧಿ ಕಡೆ ಹೋಗಲ್ಲ.”

ಆ ಕೊನೆಯ ವಾಕ್ಯದಲ್ಲೇ ಎಲ್ಲ ಇದೆ. ನೀವು ಯಾಕೆ ಬಂದಿರಿ ಎನ್ನುವುದಕ್ಕಿಂತ ಏನು ಮಾಡುವುದಿಲ್ಲ ಎನ್ನುವುದು ಅವರಿಗೆ ಮುಖ್ಯ. ಪರಿಚಯವಾದ ಮೇಲೆ ಈ ಕಾವಲುಗಾರರೇ ದೊಡ್ಡ ಉಪಕಾರಿಗಳು. ‘ಆ ಹುಣಸೆಮರದ ಹಿಂದೆ ಇನ್ನೊಂದೈತೆ, ಬರಹ ಐತೆ ಅದ್ರಲ್ಲಿ’ ಎಂದು ತೋರಿಸುವವರು ಅವರೇ. ಅವರು ಹೇಳುವ ಕಥೆಗಳನ್ನೂ ಬರೆದುಕೊಳ್ಳಿ, ಆದರೆ ಕಥೆ ಎಂದೇ ಬರೆದುಕೊಳ್ಳಿ.

ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಬ್ಯಾಗಿಗೆ ಹೋಗಬೇಕು, ನೀವು ಗೇಟಿನಿಂದ ಹೊರಗೆ ಹೋಗಬೇಕು. ಕ್ರೈಸ್ತರು ಸಮಾಧಿಗಳಿಗೆ ಹೂವು ಇಡುವ ನವೆಂಬರ್ 2, ಮುಸ್ಲಿಮರು ಗೋರಿಗಳಿಗೆ ಭೇಟಿ ಕೊಡುವ ಷಬೇಬರಾತ್, ಈ ದಿನಗಳಲ್ಲಿ ಕಲ್ಲು ಓದಲು ಹೋಗುವುದು ಸರಿಯಲ್ಲ. ಅಷ್ಟೂರಿನ ಅಹ್ಮದ್ ಶಾ ವಲಿಯ ಉರುಸಿನಂಥದ್ದು ಬೇರೆ ಮಾತು; ಹಿಂದೂಗಳೂ ಮುಸ್ಲಿಮರೂ ಕೂಡಿ ಮಾಡುವ ಆ ಜಾತ್ರೆಗೆ ಕ್ಯಾಮೆರಾ ಹೊಸದಲ್ಲ. ದರ್ಗಾ, ಗದ್ದುಗೆಗಳ ಒಳಗೆ ಚಪ್ಪಲಿ ಬಿಡಬೇಕು, ಮೇಜಿನಾಕಾರದ ಸಮಾಧಿ ಎಷ್ಟೇ ಅನುಕೂಲವಾಗಿ ಕಂಡರೂ ಅದರ ಮೇಲೆ ಬ್ಯಾಗ್ ಇಡಬಾರದು. ಇನ್ನು ಮನೆಯ ಮಾತು. ಅಮಾವಾಸ್ಯೆಯ ದಿನ ಬೇಡ, ಬಂದ ಮೇಲೆ ಸ್ನಾನ ಮಾಡು ಎಂದರೆ ವಾದಕ್ಕೆ ಇಳಿಯಬೇಡಿ. ಪಾರ್ಥೇನಿಯಂ ಗಿಡದ ನಡುವೆ ಅರ್ಧ ದಿನ ಓಡಾಡಿದವರಿಗೆ ಸ್ನಾನ ಹೇಗೂ ಬೇಕು.

ಬ್ಯಾಗಿನಲ್ಲಿ ಇರಬೇಕಾದದ್ದು

ಫೋನು ಅಥವಾ ಕ್ಯಾಮೆರಾ. ದಪ್ಪ ಬಟ್ಟೆಯ ಕಪ್ಪು ಕೊಡೆ. ಒಂದಡಿ ಉದ್ದದ ಕನ್ನಡಿ, ಗೋಡೆಗೆ ನೇತುಹಾಕುವ ಅಗ್ಗದ್ದಾದರೆ ಸಾಕು. ಬೆಳಕನ್ನು ಕಿರಿದು ಮಾಡಬಲ್ಲ ಟಾರ್ಚು. ಮೃದು ಕೂದಲಿನ ಬಣ್ಣದ ಬ್ರಷ್, ಒಣ ಎಲೆ ದೂಳು ಸರಿಸಲು ಮಾತ್ರ. ದಿಕ್ಸೂಚಿ, ಅದು ಫೋನಿನಲ್ಲೇ ಇರುತ್ತದೆ. ಹದಿನೈದು ಸೆಂಟಿಮೀಟರಿನ ಸ್ಕೇಲು. ನೋಟುಬುಕ್ಕು, ಪೆನ್ಸಿಲ್ಲು. ನೀರು. ಪಾದ ಮುಚ್ಚುವ ಶೂ, ಉದ್ದ ಪ್ಯಾಂಟು. ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದವರಿಗೆ 50 ಎಂಎಂ ಒಂದೇ ಸಾಕು.

ಬಿಸಿಲಿನ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಚಿತ್ರ ಕೆಡುವುದೂ ಗೆಲ್ಲುವುದೂ ಇಲ್ಲೇ.

ಕೆತ್ತಿದ ಅಕ್ಷರ ಕಣ್ಣಿಗೆ ಕಾಣುವುದು ಅದರೊಳಗೆ ನೆರಳು ಬಿದ್ದಾಗ. ಬೆಳಕು ಕಲ್ಲಿಗೆ ಎದುರಾಗಿ ಬಿದ್ದರೆ ನೆರಳಿಲ್ಲ, ಅಕ್ಷರವೂ ಇಲ್ಲ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಕಲ್ಲಿನ ಮೇಲ್ಮೈಗೆ ಐದರಿಂದ ಇಪ್ಪತ್ತು ಡಿಗ್ರಿ ಕೋನದಲ್ಲಿ ಬಂದರೆ ಸವೆದುಹೋದ ಅಕ್ಷರವೂ ಎದ್ದು ನಿಲ್ಲುತ್ತದೆ.

ಫೋಟೊ ತೆಗೆಯುವವರೆಲ್ಲ ಬೆಳಗಿನ ಎಳೆಬಿಸಿಲು, ಸಂಜೆಯ ಹೊಂಬಿಸಿಲು ಎಂದು ಜಪ ಮಾಡುತ್ತಾರೆ. ಮಲಗಿಸಿದ ಚಪ್ಪಡಿಗೆ ಅದು ಸರಿ. ಸೂರ್ಯ ತಗ್ಗಿನಲ್ಲಿರುವಾಗ ಬೆಳಕು ಚಪ್ಪಡಿಯ ಮೇಲೆ ಓರೆಯಾಗಿ ಜಾರುತ್ತದೆ. ಆದರೆ ನಿಂತ ಕಲ್ಲಿಗೆ ಅದೇ ಮಾತು ಹೇಳಿದರೆ ತಪ್ಪಾಗುತ್ತದೆ. ಕ್ರೈಸ್ತರ ಹಳೆಯ ಪದ್ಧತಿಯಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಹೂಳುತ್ತಾರೆ, ತಲೆಗಲ್ಲಿನ ಬರಹ ಎಷ್ಟೋ ಕಡೆ ಪೂರ್ವಕ್ಕೆ ಮುಖಮಾಡಿರುತ್ತದೆ. ಬೆಳಿಗ್ಗೆ ಏಳಕ್ಕೆ ಹೋದರೆ ಬಿಸಿಲು ನೇರ ಅದರ ಮುಖಕ್ಕೆ ಬಡಿಯುತ್ತಿರುತ್ತದೆ. ಕಲ್ಲು ಹೊಳೆಯುತ್ತದೆ, ಬರಹ ಮಾಯ.

ಪೂರ್ವಕ್ಕೆ ಮುಖಮಾಡಿದ ಕಲ್ಲಿಗೆ ಸರಿಯಾದ ಹೊತ್ತು ಹನ್ನೊಂದರಿಂದ ಹನ್ನೆರಡು. ಹಳೇ ಮೈಸೂರು ಕಡೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂಕಾಲರ ಆಸುಪಾಸು. ಅದಕ್ಕೆ ಮುಂಚಿನ ಒಂದು ಗಂಟೆ ಬೆಳಕು ಪೂರ್ವಮುಖವನ್ನು ಸವರುತ್ತ ಬರುತ್ತದೆ. ವರ್ಷದ ಯಾವ ತಿಂಗಳಾದರೂ ಈ ಹೊತ್ತು ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ನೆರಳಿನ ಓರೆ. ಏಪ್ರಿಲಿನಲ್ಲಿ ಬೆಳಕು ನೇರ ಮೇಲಿನಿಂದ ಇಳಿಯುವುದರಿಂದ ಅಕ್ಷರದ ಅಡ್ಡಗೆರೆ ಮಾತ್ರ ಕಾಣುತ್ತದೆ, ಉದ್ದಗೆರೆ ಅಡಗುತ್ತದೆ. ಡಿಸೆಂಬರಿನಲ್ಲಿ ಎಡ ಮೇಲ್ಗಡೆಯಿಂದ ಓರೆಯಾಗಿ ಬರುವುದರಿಂದ ಎರಡೂ ಕಾಣುತ್ತವೆ. ಹಾಗಾಗಿ ಡಿಸೆಂಬರ್, ಜನವರಿಯ ಹನ್ನೊಂದು ಗಂಟೆ ನನಗೆ ಪ್ರೀತಿ. ಪಶ್ಚಿಮಮುಖದ ಕಲ್ಲಾದರೆ ಇದೇ ಲೆಕ್ಕ ತಿರುಗುಮುರುಗು: ಮಧ್ಯಾಹ್ನ ಹನ್ನೆರಡೂಮುಕ್ಕಾಲರಿಂದ ಒಂದೂವರೆ.

ದಕ್ಷಿಣಮುಖದ ಕಲ್ಲಿಗೆ ಮಾರ್ಚ್, ಸೆಪ್ಟೆಂಬರ್ ತಿಂಗಳುಗಳು ಒಳ್ಳೆಯವು. ಆಗ ದಿನವಿಡೀ ಬೆಳಕು ಸವರುತ್ತಲೇ ಇರುತ್ತದೆ. ಉತ್ತರಮುಖದ ಕಲ್ಲಿನದೇ ತೊಂದರೆ. ಚಳಿಗಾಲದಲ್ಲಿ ಅದಕ್ಕೆ ಬಿಸಿಲೇ ತಾಕುವುದಿಲ್ಲ. ಆದರೆ ನಾವಿರುವುದು ಕರ್ಕಾಟಕ ವೃತ್ತದ ಕೆಳಗೆ. ಬೆಂಗಳೂರು, ಮೈಸೂರು ಕಡೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮಳೆ ಹಿಡಿಯುವ ಮೊದಲು ಮೇ ತಿಂಗಳಿನಲ್ಲಿ ಹೋದರೆ ಉತ್ತರಮುಖದ ಕಲ್ಲಿನ ಮೇಲೂ ಬೆಳಕು ಜಾರುತ್ತದೆ. ಬೀದರ್ ಕಡೆ ಈ ಅವಧಿ ಇನ್ನೂ ಚಿಕ್ಕದು, ಮೇ ಮಧ್ಯದಿಂದ ಜುಲೈ ಕೊನೆಯವರೆಗೆ.

ಅದಕ್ಕೇ ಮೊದಲ ಭೇಟಿಯಲ್ಲಿ ಫೋಟೊಗೆ ಅವಸರ ಬೇಡ. ನಕ್ಷೆ ಬರೆಯಿರಿ, ಯಾವ ಕಲ್ಲು ಯಾವ ದಿಕ್ಕಿಗಿದೆ ಎಂದು ಬಾಣದ ಗುರುತು ಹಾಕಿ. ಎರಡನೇ ಭೇಟಿಗೆ ಹೊತ್ತು ತಾನಾಗಿ ಗೊತ್ತಾಗುತ್ತದೆ.

ಬಿಸಿಲು ಕೈಕೊಟ್ಟರೆ

ಮರದ ನೆರಳು, ಮೋಡ, ಉತ್ತರಮುಖ, ಏನೇ ಇರಲಿ, ಬೆಳಕನ್ನು ನೀವೇ ತರಬಹುದು. ಹತ್ತಿರದಲ್ಲಿ ಬಿಸಿಲು ಇದ್ದರೆ ಕನ್ನಡಿ ಸಾಕು. ಜೊತೆಗಾರರು ಕಲ್ಲಿನ ಬದಿಯಲ್ಲಿ ಎಂಟು ಹತ್ತು ಅಡಿ ದೂರ, ಬಿಸಿಲಿನಲ್ಲಿ ನಿಂತು ಬೆಳಕನ್ನು ಕಲ್ಲಿನ ಮೈಗುಂಟ ಹಾಯಿಸಬೇಕು. ಕನ್ನಡಿಯನ್ನು ಅತ್ತಿತ್ತ ಅಲುಗಿಸಿದಂತೆ ಅಕ್ಷರಗಳು ಏಳುತ್ತ ಬೀಳುತ್ತ ಹೋಗುತ್ತವೆ. ಯಾವ ಕೋನದಲ್ಲಿ ಹೆಚ್ಚು ಎದ್ದವೋ ಅಲ್ಲಿ ನಿಲ್ಲಿಸಿ.

ಒಬ್ಬರೇ ಇದ್ದರೆ ಕೊಡೆ ಮತ್ತು ಟಾರ್ಚು. ಕೊಡೆ ಬಿಚ್ಚಿ ಕಲ್ಲಿನ ಮೇಲೆ ಬೀಳುವ ಬಯಲು ಬೆಳಕನ್ನು ತಡೆಯಿರಿ. ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಒಂದು ಬದಿಯಿಂದ ಬೆಳಕು ಹಾಯಿಸಿ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ಕ್ಯಾಮೆರಾ ಅಲುಗದಂತೆ ಇಟ್ಟು ನಾಲ್ಕೂ ಚಿತ್ರ ತೆಗೆದುಕೊಳ್ಳಿ. ಎಡದ ಬೆಳಕಿನಲ್ಲಿ 3 ಎಂದು ಕಂಡಿದ್ದು ಮೇಲಿನ ಬೆಳಕಿನಲ್ಲಿ 8 ಆಗುವುದುಂಟು, ಒಂದೇ ಚಿತ್ರ ನಂಬಿದರೆ ಸತ್ತವರ ವಯಸ್ಸು ಐದು ವರ್ಷ ತಪ್ಪುತ್ತದೆ. ಫೋನಿನ ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಅದು ಎದುರಿನಿಂದ ಬೀಳುವ ಬೆಳಕು.

ಒಂದು ಕಲ್ಲು, ಐದು ಚಿತ್ರ

ಪ್ರತಿ ಸಮಾಧಿಗೂ ಇದೇ ಕ್ರಮ ಇಟ್ಟುಕೊಳ್ಳಿ:

1. ಸುತ್ತಲಿನ ಚಿತ್ರ. ಈ ಸಮಾಧಿ ಸಾಲಿನಲ್ಲಿ ಎಲ್ಲಿದೆ, ಪಕ್ಕದಲ್ಲಿ ಏನಿದೆ ಎಂದು ತಿಳಿಯಬೇಕು. ಮರ, ಕಾಂಪೌಂಡು, ಗೇಟು ಯಾವುದಾದರೂ ಗುರುತು ಸೇರಿರಲಿ.

2. ಇಡೀ ಸಮಾಧಿ, ಮುಂದಿನಿಂದ. ಮತ್ತೊಂದು ಓರೆಯಿಂದ, ಆಕಾರ ತಿಳಿಯಲು.

3. ಬರಹದ ಫಲಕ ಮಾತ್ರ. ಕ್ಯಾಮೆರಾ ಕಲ್ಲಿಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಮೇಲಿನ ಸಾಲು ಕಿರಿದಾಗಿ ಕೆಳಗಿನದು ಹಿಗ್ಗುತ್ತದೆ. ಕಲ್ಲು ಗಿಡ್ಡದಿದ್ದರೆ ಮೊಣಕಾಲೂರಿ ಕೂರಿ. ಫೋನಿನಲ್ಲಾದರೆ ಎರಡು ಹೆಜ್ಜೆ ಹಿಂದೆ ಸರಿದು ಎರಡುಪಟ್ಟು ಜೂಮ್ ಮಾಡಿ.

4. ಅದೇ ಫಲಕ, ಸ್ಕೇಲು ಪಕ್ಕದಲ್ಲಿಟ್ಟು. ಕಲ್ಲಿಗೆ ಆನಿಸಬೇಡಿ, ನೆಲಕ್ಕೆ ಊರಿ.

5. ವಿವರಗಳು: ಚಿಹ್ನೆ, ಕೆತ್ತನೆ, ಮೂಲೆಯಲ್ಲಿ ಚಿಕ್ಕದಾಗಿ ಕೊರೆದ ಕೆತ್ತನೆಗಾರನ ಹೆಸರು. ಕೊನೆಯದ್ದು ಎಷ್ಟೋ ಸಲ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ, ಬಾಗಿ ನೋಡಿ.

ಕ್ಯಾಮೆರಾದಲ್ಲಿ ಎಫ್ 8, ಐಎಸ್‌ಒ 100 ಅಥವಾ 200, ರಾ ಫೈಲ್. ಬಿಳಿ ಅಮೃತಶಿಲೆಯಾದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಬೆಳ್ಳಗೆ ಸುಟ್ಟುಹೋದ ಭಾಗದಿಂದ ಅಕ್ಷರವನ್ನು ಯಾವ ಸಾಫ್ಟ್‌ವೇರೂ ಮರಳಿ ತರುವುದಿಲ್ಲ. ಮನೆಗೆ ಬಂದು ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ. ಅದನ್ನು ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ.

ಅಲ್ಲೇ ನಿಂತು ಬರಹವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುವುದೂ ಈ ಕ್ರಮದಲ್ಲಿ ಸೇರಿದ್ದೇ. ಸಾಲು ಮುಗಿದಲ್ಲಿ ನಿಮ್ಮ ಸಾಲೂ ಮುಗಿಯಲಿ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಬರೆಯಿರಿ. ಕಾಣದ ಅಕ್ಷರಕ್ಕೆ ಚೌಕ ಕಂಸದಲ್ಲಿ ಚುಕ್ಕಿ ಇಡಿ, ಊಹೆ ತುಂಬಬೇಡಿ.

ಕಲ್ಲಿನ ಮೇಲೆ ಕೈ ಮಾಡಬೇಡಿ

ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ವಿಭೂತಿ, ಎಣ್ಣೆ, ಶೇವಿಂಗ್ ಕ್ರೀಮು ಹಚ್ಚುವವರನ್ನು ನೋಡಿದ್ದೇನೆ. ಒಂದೂ ಬೇಡ. ಎಣ್ಣೆ ಕಲ್ಲಿನ ರಂಧ್ರಕ್ಕಿಳಿದು ದೂಳು ಹಿಡಿಯುತ್ತದೆ, ಸಾಬೂನಿನಂಥವು ಮಳೆಗಾಲದಲ್ಲಿ ಪಾಚಿಗೆ ಊಟವಾಗುತ್ತವೆ. ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವುದೂ ಬೇಡ, ಒಳಗೆ ಪೊಳ್ಳಾದ ಗಾರೆ ಆ ಒತ್ತಡಕ್ಕೇ ಉದುರುತ್ತದೆ. ತಂತಿ ಬ್ರಷ್ಷಿನ ಮಾತೇ ಬೇಡ. ಕಲ್ಲುಹೂವನ್ನು ಕೆರೆದರೆ ಅದು ಹಿಡಿದುಕೊಂಡಿರುವ ಕಲ್ಲಿನ ಪದರವೂ ಕಿತ್ತುಬರುತ್ತದೆ. ಬಳ್ಳಿಯನ್ನು ಎಳೆಯಬೇಡಿ, ಪಕ್ಕಕ್ಕೆ ಸರಿಸಿ ಹಿಡಿದುಕೊಂಡು ಚಿತ್ರ ತೆಗೆದು ಬಿಟ್ಟುಬಿಡಿ.

ಹಳೆಯ ಅಮೃತಶಿಲೆಯ ಫಲಕಗಳಲ್ಲಿ ಇನ್ನೊಂದು ಸಂಗತಿ ನೋಡಿ. ಕೊರೆದ ಅಕ್ಷರದೊಳಗೆ ಸೀಸ ಬಡಿದು ಕೂರಿಸುವ ಪದ್ಧತಿಯಿತ್ತು. ಸೀಸ ಜಾರದಿರಲೆಂದು ಅಕ್ಷರದ ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತು ಕೊರೆಯುತ್ತಿದ್ದರು. ಈಗ ಸೀಸ ಉದುರಿಹೋಗಿ, ಮೇಲ್ಮೈ ಸವೆದು, ದೂರದಿಂದ ಖಾಲಿ ಫಲಕ ಎನ್ನಿಸುತ್ತದೆ. ಟಾರ್ಚಿನ ಅಡ್ಡಬೆಳಕಿನಲ್ಲಿ ಹತ್ತಿರ ಹೋದರೆ ರಂಗೋಲಿ ಚುಕ್ಕಿಯಂತೆ ತೂತುಗಳು ಕಾಣುತ್ತವೆ. ನೇರ ಎರಡು, ಅಡ್ಡಕ್ಕೆ ಒಂದು ಎಂದು ಪೆನ್ಸಿಲ್ಲಿನಲ್ಲಿ ಜೋಡಿಸುತ್ತ ಹೋದರೆ ಹೆಸರೇ ಹೊರಬರುತ್ತದೆ. ಆ ತೂತುಗಳಿಗೆ ಯಾರಾದರೂ ಸುಣ್ಣ ಬಳಿದಿದ್ದರೆ ಮುಗಿಯಿತು.

ಓದುವ ಪಾಠ

ಕಂಪನಿ ಕಾಲದ ಇಂಗ್ಲಿಷ್ ಸಮಾಧಿಗಳಲ್ಲಿ ಸಂಕ್ಷೇಪಗಳೇ ಹೆಚ್ಚು. ಎಚ್.ಎಂ. ಎಂದರೆ ಇಂಗ್ಲೆಂಡಿನ ರಾಜನ ಪಡೆ, ಎಚ್.ಇ.ಐ.ಸಿ. ಎಂದರೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿ, ಎನ್.ಐ. ಎಂದರೆ ದೇಶೀ ಸಿಪಾಯಿಗಳ ಕಾಲಾಳು ಪಡೆ. ‘ರೆಲಿಕ್ಟ್’ ಎಂದಿದ್ದರೆ ವಿಧವೆ. ಸಾರ್ಜೆಂಟ್ ಪದದಲ್ಲಿ ‘ಜಿ’ ಬದಲು ‘ಜೆ’ ಇದ್ದರೆ ಅದು ಆ ಕಾಲದ ಕಾಗುಣಿತ. ಅರ್ಧಕ್ಕೆ ಮುರಿದಂತೆ ಕೆತ್ತಿದ ಕಂಬ ಕಂಡರೆ ಯಾರೋ ಒಡೆದರು ಎಂದುಕೊಳ್ಳಬೇಡಿ, ಅಕಾಲದಲ್ಲಿ ಸತ್ತವರ ಗುರುತು ಅದು. ತಲೆಕೆಳಗಾದ ಪಂಜು ಆರಿದ ಜೀವಕ್ಕೆ, ಲಂಗರು ಭರವಸೆಗೆ.

ಶ್ರೀರಂಗಪಟ್ಟಣದಲ್ಲಿ ವಯಸ್ಸು ಮತ್ತು ತಿಂಗಳನ್ನು ಬರೆದುಕೊಂಡು ಪಟ್ಟಿ ಮಾಡಿ. ಇಪ್ಪತ್ತರ ಹರೆಯದ ಅಧಿಕಾರಿಗಳು, ತಿಂಗಳಲ್ಲಿ ವಯಸ್ಸು ಹೇಳಿದ ಕೂಸುಗಳು ಕಣ್ಣಿಗೆ ಕಟ್ಟುತ್ತಾರೆ. ಈ ದ್ವೀಪದ ಜ್ವರಕ್ಕೆ ಹೆದರಿಯೇ 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಸಾಗಿಸಿದ್ದು, ನಮ್ಮ ದಂಡು ಪ್ರದೇಶ ಹುಟ್ಟಿದ್ದು. ಬೆಂಗಳೂರು ಕಂಟೋನ್ಮೆಂಟಿನ ಮೂಲ ಹುಡುಕುವವರು ಈ ಕಲ್ಲುಗಳಿಂದ ಶುರುಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಮುಸ್ಲಿಂ ಗೋರಿಗಳು ಉತ್ತರ–ದಕ್ಷಿಣವಾಗಿರುತ್ತವೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ದಖನ್ನಿನಲ್ಲಿ ಗಂಡಸಿನ ಗೋರಿಯ ನೆತ್ತಿಯ ಮೇಲೆ ಉದ್ದಕ್ಕೆ ದಿಂಡಿನಂಥ ಏಣು ಇರುತ್ತದೆ, ಹೆಂಗಸಿನದು ಚಪ್ಪಟೆ. ಇದು ಗೊತ್ತಿದ್ದರೆ ವಿಜಯಪುರದ ‘ಸಾಠ್ ಕಬರ್’ ಬೇರೆಯದೇ ಆಗಿ ಕಾಣುತ್ತದೆ. ಶಿವಾಜಿಯನ್ನು ಎದುರಿಸಲು ಹೊರಡುವ ಮುಂಚೆ ಅಫ್ಜಲ್ ಖಾನ್ ತನ್ನ ಹೆಂಡಿರನ್ನೆಲ್ಲ ಕೊಂದು ಇಲ್ಲಿ ಹೂಳಿಸಿದ ಎಂದು ಗೈಡುಗಳು ಹೇಳುತ್ತಾರೆ. ಅರವತ್ತರಷ್ಟು ಗೋರಿಗಳು ಸಾಲಾಗಿವೆ, ತಲೆ ಚಪ್ಪಟೆ. ಹೆಂಗಸರ ಗೋರಿಗಳು ಎಂದು ಕಲ್ಲು ಹೇಳುತ್ತದೆ. ಯಾರ ಹೆಂಡಿರು, ಹೇಗೆ ಸತ್ತರು ಎಂದು ಕಲ್ಲು ಹೇಳುವುದಿಲ್ಲ. ನಿಮ್ಮ ಟಿಪ್ಪಣಿಯಲ್ಲಿ ಈ ಎರಡು ವಾಕ್ಯ ಬೇರೆ ಬೇರೆ ಇರಲಿ.

ಹಿಜರಿ ಇಸವಿಯನ್ನು ಕ್ರಿ.ಶ.ಕ್ಕೆ ತರಲು 0.97ರಿಂದ ಗುಣಿಸಿ 622 ಕೂಡಿ. ಟಿಪ್ಪು ಸತ್ತದ್ದು ಹಿಜರಿ 1213. ಲೆಕ್ಕ ಹಾಕಿದರೆ 1798ರ ನಡುಭಾಗ ಬರುತ್ತದೆ, ನಿಜವಾದದ್ದು 1799ರ ಮೇ. ಒಂದು ವರ್ಷದ ಆಚೀಚೆ ಇದ್ದೇ ಇರುತ್ತದೆ. ಫಾರಸಿ ಪದ್ಯಗಳಲ್ಲಿ ಇಸವಿಯನ್ನು ಅಂಕಿಯಲ್ಲಿ ಬರೆಯದೆ ಅಕ್ಷರಗಳ ಬೆಲೆಯಲ್ಲಿ ಅಡಗಿಸುವುದೂ ಉಂಟು. ಅದಕ್ಕೆ ಬಲ್ಲವರ ನೆರವು ಬೇಕು, ಫಲಕದ ಒಂದಕ್ಷರವೂ ಕತ್ತರಿಸದಂತೆ ಚಿತ್ರ ತೆಗೆದಿದ್ದರೆ ಮಾತ್ರ ಅವರೂ ನೆರವಾಗಬಲ್ಲರು. ಶಕವರ್ಷಕ್ಕೆ 78 ಕೂಡಿದರೆ ಆಯಿತು.

ವೀರಗಲ್ಲು ಸಮಾಧಿಯಲ್ಲ, ನೆನಪಿನ ಕಲ್ಲು. ಆದರೂ ಈ ಹವ್ಯಾಸದವರು ಅದನ್ನು ಬಿಡಲಾಗದು. ಓದುವುದು ಕೆಳಗಿನಿಂದ ಮೇಲಕ್ಕೆ: ತಳದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೂತ ವೀರ. ದನ ಕೆತ್ತಿದ್ದರೆ ತುರುಗೊಳ್, ಅಂದರೆ ದನಗಳಿಗಾಗಿ ನಡೆದ ಕಾಳಗ. ಸತಿ ಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ. ಬರಹ ಸಾಮಾನ್ಯವಾಗಿ ಅಂಕಣಗಳ ನಡುವಿನ ಪಟ್ಟಿಯಲ್ಲಿರುತ್ತದೆ, ಅದನ್ನು ಬೇರೆಯಾಗಿ ತುಂಡು ತುಂಡಾಗಿ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ತೆಗೆಯಿರಿ. ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಕ್ರಿ.ಶ. 890ರ ಸುಮಾರಿನ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಈ ಊರಿನ ಹೆಸರಿನ ಅತಿ ಹಳೆಯ ಸಾಕ್ಷಿಯೇ ಒಬ್ಬನ ಸಾವಿನ ಕಲ್ಲು. ನೀವು ಕಂಡ ಕಲ್ಲು ಹೊಸದೋ ಮೊದಲೇ ದಾಖಲಾದದ್ದೋ ಎಂದು ತಿಳಿಯಲು ರಾಜ್ಯದ ಶಾಸನಗಳ ಪಾಠಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾದ ನಿಮ್ಮ ಜಿಲ್ಲೆಯ ಸಂಪುಟ ತಿರುವಿಹಾಕಿ. ಬೆಂಗಳೂರು ಸುತ್ತಮುತ್ತಲಿನದಾದರೆ ಅಲ್ಲಿನ ಇತಿಹಾಸ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರಿಗೆ ತಿಳಿಸಿ, ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಅವರಲ್ಲಿ ನಡೆದಿದೆ.

ಹಾವು, ಹೆಜ್ಜೇನು, ಕುಸಿಯುವ ನೆಲ

ಇಟ್ಟಿಗೆ ಸಮಾಧಿಯ ಬಿರುಕು ಹಾವಿಗೆ ಇಷ್ಟದ ಜಾಗ. ಒಣ ಎಲೆಯ ಬಣ್ಣದ ಕೊಳಕುಮಂಡಲ ತುಳಿಯುವವರೆಗೂ ಕಾಣುವುದಿಲ್ಲ. ಹೆಜ್ಜೆ ಗಟ್ಟಿಯಾಗಿ ಊರಿ, ಕೋಲಿನಿಂದ ಹುಲ್ಲು ತಟ್ಟಿ, ಕಾಣದ ಸಂದಿಗೆ ಕೈ ಹಾಕಬೇಡಿ. ದೊಡ್ಡ ಗುಮ್ಮಟಗಳ ಕಮಾನಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಒಳಗೆ ಹೋಗುವ ಮೊದಲು ತಲೆಯೆತ್ತಿ ನೋಡಿ, ಅಂಥಲ್ಲಿ ಟಾರ್ಚು, ಗದ್ದಲ, ಅತ್ತರಿನ ಘಮ ಯಾವುದೂ ಬೇಡ. ಮಳೆಗಾಲ ಮುಗಿದ ಹೊಸತರಲ್ಲಿ ಹಳೆಯ ಗೋರಿಗಳ ನೆಲ ಟೊಳ್ಳಾಗಿರುತ್ತದೆ, ನಡೆಯುವುದು ಸಾಲುಗಳ ನಡುವೆ ಮಾತ್ರ. ಓರೆಯಾದ ಕಲ್ಲಿಗೆ ಒರಗಬೇಡಿ. ಹೋಗುವ ಜಾಗ, ಬರುವ ಹೊತ್ತು ಮನೆಯಲ್ಲಿ ಹೇಳಿ ಹೊರಡಿ.

ಮನೆಗೆ ಬಂದ ಮೇಲೆ

ಫೈಲಿನ ಹೆಸರಿನಲ್ಲೇ ಊರು, ಸ್ಮಶಾನ, ಸಾಲು, ಕಲ್ಲಿನ ಸಂಖ್ಯೆ, ದಿನಾಂಕ ಇರಲಿ. ಅಂದೇ ರಾತ್ರಿ ಇದನ್ನು ಮಾಡದಿದ್ದರೆ ಮಾರನೇ ವಾರಕ್ಕೆ ಎಲ್ಲ ಕಲ್ಲೂ ಒಂದೇ ಥರ ಕಾಣತೊಡಗುತ್ತವೆ. ಎರಡು ಕಡೆ ಪ್ರತಿ ಇಡಿ. ಒಂದು ಸರಳ ಪಟ್ಟಿಯಲ್ಲಿ ಹೆಸರು, ಸತ್ತ ದಿನ, ವಯಸ್ಸು, ಬರಹದ ಪೂರ್ಣ ಪಾಠ, ಮುಖದ ದಿಕ್ಕು, ಈಗಿನ ಸ್ಥಿತಿ ಬರೆದಿಡಿ. ಅದೇ ಕಲ್ಲಿಗೆ ಕೆಲವು ವರ್ಷ ಬಿಟ್ಟು ಮತ್ತೆ ಹೋದಾಗ ಎಷ್ಟು ಗಾರೆ ಉದುರಿದೆ ಎಂದು ಹೋಲಿಸಲು ಆ ಕೊನೆಯ ಕಲಂ ಬೇಕಾಗುತ್ತದೆ.

ಹಂಚಿಕೊಳ್ಳುವುದಾದರೆ ಫೈಂಡ್ ಎ ಗ್ರೇವ್, ಬಿಲಿಯನ್ ಗ್ರೇವ್ಸ್ ತಾಣಗಳಿವೆ. ಯುರೋಪಿಯನ್ನರ ಸಮಾಧಿಗಳಾದರೆ ದಕ್ಷಿಣ ಏಷ್ಯಾದ ಸ್ಮಶಾನಗಳಿಗೆಂದೇ ಬ್ರಿಟನ್ನಿನಲ್ಲಿರುವ ಬಾಕ್ಸಾ ಸಂಘ ಚಿತ್ರ, ಪಾಠಗಳನ್ನು ಸಂಗ್ರಹಿಸುತ್ತದೆ. ಮುತ್ತಜ್ಜನ ಗೋರಿ ಹುಡುಕುತ್ತಿರುವ ಯಾರೋ ಅಲ್ಲಿಂದ ನಿಮಗೆ ಬರೆಯುವುದುಂಟು. ಸ್ಥಳೀಯ ಚರ್ಚಿಗೋ ಕಮಿಟಿಗೋ ಒಂದು ಪ್ರತಿ ಕೊಡಿ, ಮುಂದಿನ ಸಲ ಗೇಟು ಸಲೀಸಾಗಿ ತೆರೆಯುತ್ತದೆ. ಇತ್ತೀಚಿನ ಸಮಾಧಿಗಳ ಹೆಸರು, ಫೋಟೊ ಎಲ್ಲಿಯೂ ಹಾಕಬೇಡಿ. ಮನೆಯವರು ತೆಗೆಯಿರಿ ಎಂದರೆ ಯಾಕೆಂದು ಕೇಳದೆ ತೆಗೆದುಬಿಡಿ. ಊರಾಚೆ ಒಂಟಿಯಾಗಿರುವ ವೀರಗಲ್ಲು, ಶಿಲಾಸಮಾಧಿಗಳ ನಿಖರ ಜಿಪಿಎಸ್ ಗುರುತನ್ನೂ ಸಾರ್ವಜನಿಕವಾಗಿ ಕೊಡಬೇಡಿ. ನಿಧಿಗಳ್ಳರು ಹಾರೆ ಹಿಡಿದು ಬರುವುದು ಇಂಥ ಕಡೆಗೇ. ತಾಲ್ಲೂಕಿನ ಹೆಸರು ಹಾಕಿದರೆ ಸಾಕು, ಪೂರ್ತಿ ವಿವರ ಪುರಾತತ್ವ ಇಲಾಖೆಗೆ ಹೋಗಲಿ.